ಹ್ಯಾಂಗ್ ಆಗುವ ಕಂಪ್ಯೂಟರ್: ಫಾರ್ಮ್ಯಾಟ್ ಮಾಡುವ ಮುನ್ನ

ಕಂಪ್ಯೂಟರ್ ಪದೇ ಪದೇ ಹ್ಯಾಂಗ್ ಆಗುತ್ತಿದೆ ಅಂದರೆ ಸಾಕು, ಕೇಳಿದವರೆಲ್ಲ ಒಂದೇ ಮದ್ದು ಹೇಳುತ್ತಾರೆ: ಫಾರ್ಮ್ಯಾಟ್ ಮಾಡಿಬಿಡಿ, ಅಂದರೆ ಡಿಸ್ಕ್ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕಿಬಿಡಿ. ಆ ಮಾತು ಕೇಳಿ ನಾನೂ ಒಮ್ಮೆ ಒಂದೇ ತಿಂಗಳಲ್ಲಿ ಎರಡು ಸಲ ಫಾರ್ಮ್ಯಾಟ್ ಮಾಡಿದ್ದೆ. ಎರಡು ಸಲವೂ ಮೂರು ದಿನ ಚೆನ್ನಾಗಿ ಓಡಿತು, ನಾಲ್ಕನೇ ದಿನ ಮತ್ತೆ ಅದೇ ಕಥೆ. ಕೊನೆಗೆ ನೋಡಿದರೆ ಹಾರ್ಡ್ ಡಿಸ್ಕಿಗೆ ಹೋಗುವ ಸಾಟಾ ಕೇಬಲ್ ಅರ್ಧ ಕಳಚಿಕೊಂಡು ನೇತಾಡುತ್ತಿತ್ತು. ಒತ್ತಿ ಕೂರಿಸಿದೆ, ಅಷ್ಟೇ. ಹ್ಯಾಂಗ್ ಆಗುವುದು ನಿಂತಿತು.

ಅಂದಿನಿಂದ ನಾನು ಹಿಡಿದಿರುವ ಕ್ರಮ ಇದು. ಮೊದಲು ನೋಡುವುದು, ಆಮೇಲೆ ಮುಟ್ಟುವುದು. ಮುಟ್ಟುವಾಗಲೂ ಒಂದು ಸಲಕ್ಕೆ ಒಂದನ್ನೇ. ನಾಲ್ಕು ರಿಪೇರಿಗಳನ್ನು ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಅನ್ನುವುದೂ ತಿಳಿಯುವುದಿಲ್ಲ, ಯಾವುದರಿಂದ ಕೆಟ್ಟಿತು ಅನ್ನುವುದೂ ತಿಳಿಯುವುದಿಲ್ಲ. ಇಲ್ಲಿ ಹೇಳುವ ಹೆಜ್ಜೆಗಳು ವಿಂಡೋಸ್ 10 ಮತ್ತು 11ಕ್ಕೆ ಹೊಂದುತ್ತವೆ.

ಹ್ಯಾಂಗ್ ಆದ ಕೂಡಲೇ

ಪವರ್ ಬಟನ್ನಿಗೆ ಕೈ ಹಾಕಬೇಡಿ. ಮೊದಲು ಕೀಬೋರ್ಡಿನ ಕ್ಯಾಪ್ಸ್ ಲಾಕ್ ಒತ್ತಿ, ಅದರ ಪುಟ್ಟ ದೀಪ ಹತ್ತಿ ಆರುತ್ತದೆಯೇ ನೋಡಿ. ಹತ್ತಿ ಆರಿದರೆ ಒಳಗೆ ಯಂತ್ರಕ್ಕೆ ಇನ್ನೂ ಜೀವವಿದೆ, ಸಿಕ್ಕಿಬಿದ್ದಿರುವುದು ಯಾವುದೋ ಒಂದು ಪ್ರೋಗ್ರಾಂ ಅಥವಾ ಪರದೆ ಮಾತ್ರ ಎಂದು ತಿಳಿಯಬಹುದು. ಎರಡು ನಿಮಿಷ ಕಾಯಿರಿ. ಆಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ‘ನಾಟ್ ರೆಸ್ಪಾಂಡಿಂಗ್’ ಎಂದಿರುವುದನ್ನು ಆರಿಸಿ ‘ಎಂಡ್ ಟಾಸ್ಕ್’ ಕೊಡಿ. ಅದೂ ಬರಲಿಲ್ಲವೇ? ವಿಂಡೋಸ್ ಕೀಲಿ, ಕಂಟ್ರೋಲ್, ಶಿಫ್ಟ್ ಜೊತೆಗೆ ಬಿ ಅಕ್ಷರ ಒತ್ತಿ. ಗ್ರಾಫಿಕ್ಸ್ ಡ್ರೈವರ್ (ಪರದೆಯ ಚಿತ್ರ ಮೂಡಿಸುವ ಭಾಗವನ್ನು ನಡೆಸುವ ತಂತ್ರಾಂಶ) ಹೊಸದಾಗಿ ಶುರುವಾಗಿ ಪರದೆ ಒಮ್ಮೆ ಕಪ್ಪಾಗಿ ಮರಳುತ್ತದೆ. ಇದರಿಂದ ಕೆಲಸ ಸಾಗಿದರೆ ಅನುಮಾನವನ್ನು ನೇರವಾಗಿ ಗ್ರಾಫಿಕ್ಸ್ ಡ್ರೈವರ್ ಮೇಲೆ ಇಡಿ.

ದೀಪ ಅಲುಗಾಡದಿದ್ದರೆ, ಅಥವಾ ಸ್ಪೀಕರಿನಿಂದ ಒಂದೇ ಸದ್ದು ಗರ್ರೆಂದು ಸಿಕ್ಕಿಕೊಂಡಿದ್ದರೆ ಇಡೀ ವ್ಯವಸ್ಥೆಯೇ ನಿಂತಿದೆ. ಆಗ ಪವರ್ ಬಟನ್ನನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯದೆ ಬೇರೆ ದಾರಿಯಿಲ್ಲ. (ಕೆಲವು ವೈರ್‌ಲೆಸ್ ಕೀಬೋರ್ಡುಗಳಲ್ಲಿ ಈ ದೀಪವೇ ಇರುವುದಿಲ್ಲ. ಮೂಲೆ ಸೇರಿದ ಹಳೆಯ ವೈರಿನ ಕೀಬೋರ್ಡ್ ಇದ್ದರೆ ಈಗ ಹೊರತೆಗೆಯಿರಿ.)

ಬರೆದಿಡಿ

ಒಂದು ಚೀಟಿಯಲ್ಲಿ ಪ್ರತಿ ಸಲದ ಹೊತ್ತು, ಆಗ ಏನು ಮಾಡುತ್ತಿದ್ದಿರಿ, ಆನ್ ಮಾಡಿ ಎಷ್ಟು ಹೊತ್ತಾಗಿತ್ತು ಎಂದು ಗುರುತು ಹಾಕಿಕೊಳ್ಳಿ. ಐದಾರು ಸಾಲು ಸೇರಿದರೆ ದಾರಿ ಕಾಣತೊಡಗುತ್ತದೆ. ಆಟ ಅಥವಾ ವಿಡಿಯೊ ಎಡಿಟಿಂಗ್ ಶುರುವಾಗಿ ಅರ್ಧ ಗಂಟೆಗೆ ನಿಲ್ಲುವುದಾದರೆ ಬಿಸಿ, ಗ್ರಾಫಿಕ್ಸ್ ಅಥವಾ ಪವರ್ ಸಪ್ಲೈ. ಮೌಸ್ ಬಾಣ ಓಡಾಡುತ್ತದೆ, ಆದರೆ ಯಾವ ಫೋಲ್ಡರೂ ತೆರೆಯುವುದಿಲ್ಲ ಅಂದರೆ ಬಹುಪಾಲು ಡಿಸ್ಕ್. ಹೊತ್ತುಗೊತ್ತಿಲ್ಲದೆ, ಸುಮ್ಮನೆ ಇದ್ದಾಗಲೂ ನಿಲ್ಲುವುದಾದರೆ, ನಡೆಯುತ್ತಿರುವ ಕೆಲಸವನ್ನು ತಾತ್ಕಾಲಿಕವಾಗಿ ಹಿಡಿದಿಡುವ ಮೆಮೊರಿಯಾದ ರ‍್ಯಾಮ್ ಮೇಲೆ ಕಣ್ಣಿಡಿ.

ಕಂಪ್ಯೂಟರ್ ಕೂಡ ತನ್ನದೇ ದಿನಚರಿ ಬರೆಯುತ್ತದೆ. ಸ್ಟಾರ್ಟ್ ಮೆನುವಿನಲ್ಲಿ ‘ರಿಲಯಬಿಲಿಟಿ’ ಎಂದು ಹುಡುಕಿದರೆ ದಿನವಾರು ನಕ್ಷೆ ಬರುತ್ತದೆ. ಕೆಂಪು ಗುರುತುಗಳು ಶುರುವಾದ ದಿನ ಯಾವ ಪ್ರೋಗ್ರಾಂ ಅಥವಾ ಡ್ರೈವರ್ ಹೊಸದಾಗಿ ಬಂದಿತ್ತು ಎನ್ನುವುದೂ ಅಲ್ಲೇ ಸಿಗುತ್ತದೆ. ಇನ್ನೂ ಆಳಕ್ಕೆ ಇಳಿಯುವವರಿಗೆ ‘ಇವೆಂಟ್ ವ್ಯೂವರ್’ ಇದೆ. ಅಲ್ಲಿ ‘ಕರ್ನಲ್ ಪವರ್ 41’ ಎಂಬ ಗಂಭೀರ ದೋಷ ಕಂಡು ಗಾಬರಿಯಾಗುವವರು ಬಹಳ. ಸರಿಯಾಗಿ ಶಟ್‌ಡೌನ್ ಆಗದೆ ಮತ್ತೆ ಆನ್ ಆಯಿತು ಎಂಬುದಷ್ಟೇ ಅದರ ಅರ್ಥ. ಬಟನ್ ಒತ್ತಿ ಆರಿಸಿದವರು ನೀವೇ ಅಲ್ಲವೇ! ಅದಕ್ಕಿಂತ ಸ್ವಲ್ಪ ಮೊದಲಿನ ಸಾಲುಗಳನ್ನು ನೋಡಿ. ಡಿಸ್ಕಿಗೆ ಸಂಬಂಧಿಸಿದ 7, 129, 153 ಸಂಖ್ಯೆಗಳು ಮತ್ತೆ ಮತ್ತೆ ಕಂಡರೆ ಸುಳಿವು ಸಿಕ್ಕಂತೆ. 7 ಅಂದರೆ ಡಿಸ್ಕಿನಲ್ಲಿ ಕೆಟ್ಟ ಜಾಗ. 129 ಮತ್ತು 153 ಅಂದರೆ ಕೇಳಿದ್ದಕ್ಕೆ ಡಿಸ್ಕ್ ಸಮಯಕ್ಕೆ ಉತ್ತರ ಕೊಡಲಿಲ್ಲ ಎಂದು.

ಡಿಸ್ಕ್

ಪರೀಕ್ಷೆಗಿಂತ ಮೊದಲು ಫೋಟೊ, ಕಾಗದಪತ್ರಗಳನ್ನೆಲ್ಲ ಬೇರೆ ಡ್ರೈವಿಗೆ ನಕಲು ಮಾಡಿ. ಸಾಯುತ್ತಿರುವ ಡಿಸ್ಕಿನ ಮೇಲೆ ಮೂಲೆಮೂಲೆ ಓದಿಸುವ ದೊಡ್ಡ ಸ್ಕ್ಯಾನ್ ಓಡಿಸಿದರೆ ಆ ಶ್ರಮಕ್ಕೇ ಅದರ ಉಸಿರು ನಿಲ್ಲಬಹುದು.

ಟಾಸ್ಕ್ ಮ್ಯಾನೇಜರಿನ ‘ಪರ್ಫಾರ್ಮೆನ್ಸ್’ ವಿಭಾಗದಲ್ಲಿ ಡಿಸ್ಕ್ ಆರಿಸಿ. ಬಳಕೆ 100 ಶೇಕಡಾ ತೋರಿಸುತ್ತಿದ್ದೂ ಓದು-ಬರಹದ ವೇಗ ಮಾತ್ರ ಸೆಕೆಂಡಿಗೆ ಒಂದೆರಡು ಎಂಬಿ, ಸರಾಸರಿ ಪ್ರತಿಕ್ರಿಯೆ ಸಮಯ ಸಾವಿರಾರು ಮಿಲಿಸೆಕೆಂಡ್ ಆಗಿದ್ದರೆ ಡಿಸ್ಕ್ ಒದ್ದಾಡುತ್ತಿದೆ ಎಂದೇ ಅರ್ಥ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ಡಿಸ್ಕಿನ ಆರೋಗ್ಯ ವರದಿ ತೋರಿಸುತ್ತದೆ. ಹಾರ್ಡ್ ಡಿಸ್ಕ್ ಆಗಿದ್ದರೆ ‘ರೀಅಲೊಕೇಟೆಡ್’ ಮತ್ತು ‘ಪೆಂಡಿಂಗ್’ ಸೆಕ್ಟರುಗಳ (ಕೆಟ್ಟು ಬದಲಿಸಿದ ಮತ್ತು ಕೆಟ್ಟಿರಬಹುದಾದ ಜಾಗಗಳ) ಲೆಕ್ಕ ಸೊನ್ನೆ ಇರಬೇಕು. ವಾರದಿಂದ ವಾರಕ್ಕೆ ಅದು ಏರುತ್ತಿದ್ದರೆ ರಿಪೇರಿಯ ಮಾತು ಬಿಡಿ, ಡಿಸ್ಕ್ ಬದಲಿಸಿ. ಹಳದಿ ಬಣ್ಣದ ಎಚ್ಚರಿಕೆ ಕಂಡೂ ‘ಓಡುತ್ತಿದೆಯಲ್ಲ’ ಎಂದು ಬಿಟ್ಟವರು ಆಮೇಲೆ ಪರಿತಪಿಸುವುದನ್ನು ನೋಡಿದ್ದೇನೆ.

ವರದಿ ಚೆನ್ನಾಗಿದ್ದರೆ ಕೇಬಲ್ ಕಡೆ ತಿರುಗಿ. ಡೆಸ್ಕ್‌ಟಾಪಿನ ವೈರ್ ಕಿತ್ತು, ಪಕ್ಕದ ಮುಚ್ಚಳ ತೆಗೆದು, ಸಾಟಾ ಕೇಬಲಿನ ಎರಡೂ ತುದಿಗಳನ್ನು ತೆಗೆದು ಮತ್ತೆ ಬಿಗಿಯಾಗಿ ಕೂರಿಸಿ. ಸಿ ಡ್ರೈವ್ ತುಂಬಿ ತುಳುಕುತ್ತಿದ್ದರೆ ಖಾಲಿ ಮಾಡಿ. ಹತ್ತರಲ್ಲಿ ಒಂದು ಪಾಲಾದರೂ ಬಿಡುವಿರಲಿ.

ರ‍್ಯಾಮ್

ಇಲ್ಲಿ ಎರಡು ಬೇರೆ ಬೇರೆ ತೊಂದರೆಗಳನ್ನು ಜನ ಒಂದೇ ಎಂದುಕೊಳ್ಳುತ್ತಾರೆ. ರ‍್ಯಾಮ್ ಸಾಲದಿರುವುದು ಒಂದು, ಕೆಟ್ಟಿರುವುದು ಇನ್ನೊಂದು. 4 ಜಿಬಿ ಇಟ್ಟುಕೊಂಡು ಬ್ರೌಸರಿನಲ್ಲಿ ಇಪ್ಪತ್ತು ಟ್ಯಾಬ್ ತೆರೆದರೆ ಯಂತ್ರ ತೆವಳುತ್ತದೆ, ಸ್ವಲ್ಪ ಹೊತ್ತಿಗೆ ಚೇತರಿಸಿಕೊಳ್ಳುತ್ತದೆ. ಕೆಟ್ಟ ರ‍್ಯಾಮ್ ಹಾಗಲ್ಲ, ನಿಂತರೆ ನಿಂತೇ ಹೋಯಿತು.

‘ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್’ ಹುಡುಕಿ ಓಡಿಸಿ. ಅದು ‘ದೋಷವಿಲ್ಲ’ ಅಂದರೂ ನಾನು ಪೂರ್ತಿ ನಂಬುವುದಿಲ್ಲ. ಪೆನ್‌ಡ್ರೈವಿನಿಂದ ಮೆಮ್‌ಟೆಸ್ಟ್86 ಅನ್ನು ರಾತ್ರಿಯಿಡೀ ಓಡಲು ಬಿಡುತ್ತೇನೆ. ಒಂದೇ ಒಂದು ಎರರ್ ಬಂದರೂ ಅದು ಎರರೇ. ಎರಡು ರ‍್ಯಾಮ್ ಕಡ್ಡಿಗಳಿದ್ದರೆ ಒಂದನ್ನು ತೆಗೆದು ಎರಡು ದಿನ ಓಡಿಸಿ, ಆಮೇಲೆ ಅದಲು ಬದಲು ಮಾಡಿ. ತೆಗೆಯುವ ಮುನ್ನ ಪವರ್ ವೈರ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ ಉಳಿದ ಕರೆಂಟ್ ಇಳಿಸಿ, ಕ್ಯಾಬಿನೆಟ್ಟಿನ ಲೋಹ ಮುಟ್ಟಿಕೊಳ್ಳಿ. ಕೂರಿಸುವಾಗ ಟಕ್ಕೆಂದು ಕೊಂಡಿ ಬೀಳುವವರೆಗೆ ಒತ್ತಬೇಕು. ಬಯಾಸ್‌ನಲ್ಲಿ (ವಿಂಡೋಸ್ ಶುರುವಾಗುವ ಮೊದಲು ತೆರೆಯುವ ಸೆಟ್ಟಿಂಗ್ ಪುಟದಲ್ಲಿ) ರ‍್ಯಾಮ್ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಆನ್ ಮಾಡಿದ್ದರೆ ಆಫ್ ಮಾಡಿ ನೋಡಿ.

ಬಿಸಿ

ಎಲ್ಲದಕ್ಕೂ ಬಿಸಿಯನ್ನೇ ದೂರುವ ಅಭ್ಯಾಸವಿದೆ. ಆದರೆ ಇಂದಿನ ಪ್ರೊಸೆಸರುಗಳು 100 ಡಿಗ್ರಿ ಹತ್ತಿರವಾಗುತ್ತಲೇ ತಾವೇ ವೇಗ ತಗ್ಗಿಸಿಕೊಳ್ಳುತ್ತವೆ, ಅದೂ ಸಾಲದಿದ್ದರೆ ಕಂಪ್ಯೂಟರ್ ಫಕ್ಕನೆ ಆರಿಹೋಗುತ್ತದೆ. ಎಚ್‌ಡಬ್ಲ್ಯುಮಾನಿಟರ್‌ನಂಥ ಉಚಿತ ತಂತ್ರಾಂಶದಲ್ಲಿ ಅಂಕಿ ನೋಡಿ ತೀರ್ಮಾನಿಸಿ. ಧೂಳು ಊದುವಾಗ ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಿನಿಂದ ಹಿಡಿದಿರಿ. ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲೆ ಇಡಬೇಡಿ, ಗಾಳಿಕಂಡಿ ಮುಚ್ಚಿಹೋಗುತ್ತದೆ.

ಸೇಫ್ ಮೋಡ್ ಹೇಳುವ ತೀರ್ಪು

ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಕೊಡಿ. ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಸ್ಟಾರ್ಟ್‌ಅಪ್ ಸೆಟ್ಟಿಂಗ್ಸ್ ಎಂದು ಹೋಗಿ ಮತ್ತೊಮ್ಮೆ ರೀಸ್ಟಾರ್ಟ್ ಆದ ಮೇಲೆ 4 ಒತ್ತಿದರೆ ಸೇಫ್ ಮೋಡ್. ಡಿಸ್ಕಿಗೆ ಬಿಟ್‌ಲಾಕರ್ ಬೀಗವಿದ್ದರೆ ರಿಕವರಿ ಕೀ ಕೇಳಬಹುದು, ಮೊದಲೇ ಹುಡುಕಿಟ್ಟುಕೊಳ್ಳಿ. ಅತಿ ಅಗತ್ಯದ ಡ್ರೈವರುಗಳಷ್ಟೇ ಓಡುವ ಈ ಸ್ಥಿತಿಯಲ್ಲೂ ಹ್ಯಾಂಗ್ ಆದರೆ ಅನುಮಾನ ಹಾರ್ಡ್‌ವೇರಿನ ಮೇಲೆ. ಗಂಟೆಗಟ್ಟಲೆ ಸರಾಗವಾಗಿ ಓಡಿದರೆ ತಪ್ಪು ಹೆಚ್ಚಾಗಿ ಯಾವುದೋ ಡ್ರೈವರ್ ಅಥವಾ ತಾನಾಗಿ ಶುರುವಾಗುವ ಪ್ರೋಗ್ರಾಮಿನದು. ಎರಡು ಆಂಟಿವೈರಸ್‌ಗಳಿದ್ದರೆ ಒಂದನ್ನು ಕಿತ್ತುಹಾಕಿ, ಒಂದಕ್ಕೊಂದು ಕಾದಾಡುತ್ತವೆ. ಡಿವೈಸ್ ಮ್ಯಾನೇಜರಿನಲ್ಲಿ ಗ್ರಾಫಿಕ್ಸ್ ಡ್ರೈವರನ್ನು ‘ರೋಲ್ ಬ್ಯಾಕ್’ ಮಾಡಿ ನೋಡಿ. ಟಾಸ್ಕ್ ಮ್ಯಾನೇಜರಿನ ಸ್ಟಾರ್ಟ್‌ಅಪ್ ಪಟ್ಟಿಯಲ್ಲಿ ಬೇಡದ್ದನ್ನೆಲ್ಲ ಡಿಸೇಬಲ್ ಮಾಡಿ, ಒಂದೊಂದಾಗಿ ಮರಳಿ ಆನ್ ಮಾಡುತ್ತ ಬನ್ನಿ.

ಹಾರ್ಡ್‌ವೇರ್ ಎಂದು ಖಚಿತವಾಗಿ, ಡಿಸ್ಕ್, ರ‍್ಯಾಮ್, ಬಿಸಿ ಮೂರೂ ಸರಿಯಿದ್ದರೆ ಉಳಿಯುವುದು ಎಸ್‌ಎಂಪಿಎಸ್ (ಪವರ್ ಸಪ್ಲೈ ಡಬ್ಬಿ) ಮತ್ತು ಮದರ್‌ಬೋರ್ಡ್. ಎಸ್‌ಎಂಪಿಎಸ್ ಡಬ್ಬಿಯನ್ನು ಯಾವ ಕಾರಣಕ್ಕೂ ಬಿಚ್ಚಬೇಡಿ. ವೈರ್ ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ ಅಪಾಯದ ಕರೆಂಟ್ ಉಳಿದಿರುತ್ತದೆ. ಚೆನ್ನಾಗಿರುವ ಇನ್ನೊಂದನ್ನು ಹಾಕಿ ನೋಡಬೇಕು. ರಿಪೇರಿಯವರ ಬಳಿ ಒಯ್ಯುವುದಾದರೆ ಆ ಚೀಟಿಯನ್ನೂ ಜೊತೆಗೆ ಕೊಡಿ.

ಹಾಗಾದರೆ ಫಾರ್ಮ್ಯಾಟ್ ಯಾವಾಗ? ಸೇಫ್ ಮೋಡಿನಲ್ಲಿ ಸರಾಗವಾಗಿ ಓಡುತ್ತಿದೆ, ಡಿಸ್ಕ್ ಮತ್ತು ರ‍್ಯಾಮ್ ಪರೀಕ್ಷೆಯಲ್ಲಿ ಪಾಸಾಗಿವೆ, ಡ್ರೈವರ್ ಬದಲಿಸಿದರೂ ಗುಣವಾಗಿಲ್ಲ ಎಂದಾಗ. ಆಗಲೂ ಹಳೆಯ ಪ್ರೋಗ್ರಾಮುಗಳನ್ನೆಲ್ಲ ಅದೇ ದಿನ ತುಂಬಬೇಡಿ. ದಿನಕ್ಕೆ ಒಂದೆರಡು ಹಾಕಿ, ಹಾಕಿದ್ದನ್ನು ಅದೇ ಚೀಟಿಯ ಹಿಂಬದಿಯಲ್ಲಿ ಬರೆಯುತ್ತ ಹೋಗಿ.