ಸೂರು ಚಾಚಿದ ಮನೆಗಳೆಲ್ಲ ಪ್ರೇರಿ ಮನೆಗಳಲ್ಲ

ಅಮೆರಿಕದ ಅಯೋವಾ ರಾಜ್ಯಕ್ಕೆ ಬಂದ ಹೊಸತರಲ್ಲಿ ನಾನು ವಾರಾಂತ್ಯಕ್ಕೊಂದು ಸಣ್ಣ ಊರನ್ನು ಸುತ್ತಿ, ಪ್ರೇರಿ ಶೈಲಿಯವೆಂದು ತೋರಿದ ಮನೆಗಳನ್ನೆಲ್ಲ ಒಂದು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ. ಪ್ರೇರಿ ಎಂದರೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಲ್ಲಿನ ಬಯಲು ಸೀಮೆಯಲ್ಲಿ ಬೆಳೆದ, ನೆಲಕ್ಕೆ ಸಮಾನಾಂತರವಾದ ಅಡ್ಡಗೆರೆಗಳಿಗೆ ಒತ್ತು ಕೊಡುವ ಮನೆಗಳ ಶೈಲಿ. ನಾಲ್ಕೂ ಕಡೆಗೆ ಇಳಿಜಾರಾದ ತಗ್ಗಿನ ಛಾವಣಿ ಮತ್ತು ಗೋಡೆಯಿಂದಾಚೆ ಚಾಚಿದ ಅಗಲವಾದ ಸೂರು ಕಂಡರೆ ನನಗೆ ಅಷ್ಟೇ ಸಾಕಾಗುತ್ತಿತ್ತು. ಹಾಗೆ ಬರೆದುಕೊಂಡ ಮೊದಲ ಮೂವತ್ತು ಮನೆಗಳಲ್ಲಿ ಇಪ್ಪತ್ತಕ್ಕೂ ಹೆಚ್ಚನ್ನು ಅನಂತರ ನಾನೇ ಹೊಡೆದುಹಾಕಬೇಕಾಯಿತು.

ನನ್ನನ್ನು ಮೋಸಗೊಳಿಸಿದ್ದು ಫೋರ್‌ಸ್ಕ್ವೇರ್ ಮನೆ. ಅದೇ ಕಾಲದಲ್ಲಿ ಊರೂರಿನಲ್ಲೂ ಎದ್ದ ಈ ಚೌಕಾಕಾರದ ಎರಡಂತಸ್ತಿನ ಮನೆಗೂ ಸೂರು ಅಗಲವಾಗಿಯೇ ಇರುತ್ತದೆ. ಆದರೆ ಮುಂಭಾಗದ ಉದ್ದಕ್ಕೂ ಜಗುಲಿ, ಎದುರಿಗೇ ಕಾಣುವ ಬಾಗಿಲು, ಛಾವಣಿಯ ನಡುವೆ ಮೇಲೆದ್ದ ಒಂದು ಗೂಡುಕಿಟಕಿ, ಗೋಡೆಯಲ್ಲಿ ಬಿಡಿಬಿಡಿಯಾಗಿ ಕೊರೆದಂತಿರುವ ಕಿಟಕಿಗಳು, ಇವು ಅದರ ಚಹರೆ.

ಈ ವ್ಯತ್ಯಾಸ ನನಗೆ ಮನವರಿಕೆಯಾದದ್ದು ಮೇಸನ್ ಸಿಟಿಯಲ್ಲಿ, ಪ್ರೇರಿ ಶೈಲಿಯ ಮುಂದಾಳು ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ 1908ರಲ್ಲಿ ವಿನ್ಯಾಸಗೊಳಿಸಿದ ಸ್ಟಾಕ್‌ಮನ್ ಮನೆಯ ಮುಂದೆ ನಿಂತಾಗ. ಕೆಡವುವ ಭೀತಿಯಿಂದ ಪಾರುಮಾಡಲು 1989ರಲ್ಲಿ ಇಡಿಯಾಗಿ ಎತ್ತಿ ಬೇರೆ ಜಾಗಕ್ಕೆ ಸಾಗಿಸಿದ ಈ ಮನೆಯೂ ಮೂಲತಃ ಒಂದು ಚೌಕವೇ! ರೈಟ್ 1907ರಲ್ಲಿ ಒಂದು ಮಹಿಳಾ ಪತ್ರಿಕೆಯಲ್ಲಿ ಪ್ರಕಟಿಸಿದ, ಐದು ಸಾವಿರ ಡಾಲರಿನ ಮನೆಯ ನಕ್ಷೆಗೆ ಇದು ತೀರ ಹತ್ತಿರದ್ದು. ಆದರೂ ಬಾಗಿಲು ಎದುರಿಗಿಲ್ಲದೆ ಪಕ್ಕಕ್ಕೆ ಸರಿದಿದೆ, ಒಳಗಿನ ಪಡಸಾಲೆ ಮತ್ತು ಊಟದ ಜಾಗ ಗೋಡೆಯ ಅಡ್ಡಿಯಿಲ್ಲದೆ ನಡುವಿನ ಅಗ್ಗಿಷ್ಟಿಕೆಯನ್ನು ಬಳಸಿಕೊಂಡು ಹೋಗುತ್ತವೆ, ಹೊರಗಿನ ಗಾರೆಯ ಮೇಲೆ ಗಾಢ ಬಣ್ಣದ ಮರದ ಪಟ್ಟಿಗಳು ಓಡಿ ಕಿಟಕಿಗಳನ್ನು ಒಂದೇ ಸಾಲಾಗಿ ಕಟ್ಟುತ್ತವೆ.

ಅಂದಿನಿಂದ ನಾನು ಛಾವಣಿಯನ್ನು ಕೊನೆಗೆ ನೋಡುತ್ತೇನೆ. ಮೊದಲು ಮೇಲಂತಸ್ತಿನ ಕಿಟಕಿಗಳ ಕೆಳ ಅಂಚನ್ನು ಹುಡುಕಿ, ಅಲ್ಲಿಂದ ಹೊರಟ ಗೆರೆ ಮನೆಯ ಮೂಲೆಯವರೆಗೂ ಹೋಗಿದೆಯೇ, ಕಿಟಕಿಗಳ ತಲೆ ಸೂರಿನ ಅಡಿಗೇ ತಾಗಿದೆಯೇ ಎಂದು ಗಮನಿಸುತ್ತೇನೆ. ಆಮೇಲೆ ಬಾಗಿಲನ್ನು ಹುಡುಕುತ್ತೇನೆ, ಅದು ಸುಲಭಕ್ಕೆ ಸಿಗದಿದ್ದರೆ ನನಗೆ ಖುಷಿ. ಇಟ್ಟಿಗೆಯ ಮನೆಯಾದರೆ ಸಂಜೆಯ ಓರೆ ಬಿಸಿಲಿನಲ್ಲಿ ಹೋಗುವುದೇ ಒಳ್ಳೆಯದು. ಅಡ್ಡ ಸಂದುಗಳಲ್ಲಿ ಗಾರೆಯನ್ನು ಒಳಕ್ಕೆ ಕೆರೆದು ನೆರಳು ಬೀಳುವಂತೆ ಬಿಟ್ಟು, ಲಂಬ ಸಂದುಗಳನ್ನು ಇಟ್ಟಿಗೆಯದೇ ಬಣ್ಣದ ಗಾರೆಯಿಂದ ಮಟ್ಟವಾಗಿ ತುಂಬಿದ್ದರೆ, ಗೋಡೆಯಲ್ಲಿ ಅಡ್ಡಗೆರೆಗಳಷ್ಟೇ ಕಾಣುತ್ತವೆ. ಹೆಬ್ಬೆರಳನ್ನು ಗೋಡೆಯ ಮೇಲೆ ಎಳೆದರೆ ಅಡ್ಡಕ್ಕೆ ಜಾರಿಹೋಗುತ್ತದೆ, ಮೇಲಿಂದ ಕೆಳಕ್ಕೆ ಎಳೆದರೆ ಪ್ರತಿ ಸಾಲಿನಲ್ಲೂ ಸಿಕ್ಕಿಕೊಳ್ಳುತ್ತದೆ. (ಮನೆಯವರ ಅನುಮತಿ ಕೇಳದೆ ಇದನ್ನು ಮಾಡಬಾರದೆಂದು ಒಂದು ನಾಯಿ ನನಗೆ ಕಲಿಸಿದೆ.) ಸಣ್ಣ ಊರುಗಳಲ್ಲಿ ಗಾರೆ ಮತ್ತು ಮರದ ಪಟ್ಟಿಯ ಮನೆಗಳೇ ನನಗೆ ಹೆಚ್ಚಾಗಿ ಸಿಕ್ಕಿರುವುದರಿಂದ ಈ ಪರೀಕ್ಷೆಗೆ ಅವಕಾಶ ಅಪರೂಪ.

ಲಕ್ಷಣಗಳ ಪಟ್ಟಿ ಹಿಡಿದು ಹೊರಟವರಿಗೆ ಮೇಸನ್ ಸಿಟಿಯಲ್ಲಿಯೇ ಇನ್ನೊಂದು ಪೆಟ್ಟು ಕಾದಿದೆ. ವಿಲೋ ಹೊಳೆಯ ದಂಡೆಯಲ್ಲಿ ವಾಸ್ತುಶಿಲ್ಪಿ ವಾಲ್ಟರ್ ಬರ್ಲಿ ಗ್ರಿಫಿನ್ 1912ರಲ್ಲಿ ವಿನ್ಯಾಸಗೊಳಿಸಿದ ಮೆಲ್ಸನ್ ಮನೆಯೂ ಪ್ರೇರಿ ಶೈಲಿಯದೇ, ಆದರೆ ಅದು ಒರಟು ಸುಣ್ಣಕಲ್ಲಿನದು. ಬಂಡೆಯೇ ಮೇಲೆದ್ದು ಗೋಡೆಯಾದಂತಿದ್ದು, ಮನೆಗಿಂತ ಕೋಟೆಯನ್ನೇ ಹೆಚ್ಚು ಹೋಲುತ್ತದೆ. ಅದೇ ವರ್ಷ ಕ್ಯಾನ್‌ಬೆರಾ ನಗರ ಯೋಜನೆಯ ಸ್ಪರ್ಧೆಯನ್ನು ಗೆದ್ದ ಗ್ರಿಫಿನ್ 1937ರಲ್ಲಿ ತೀರಿಕೊಂಡದ್ದು ನಮ್ಮ ಲಖನೌದಲ್ಲಿ ಎಂಬುದನ್ನು ತಿಳಿದ ದಿನ ನಾನು ಆ ಮನೆಯ ಮುಂದೆ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದೆ.

ಕಣ್ಣಿನ ತೀರ್ಮಾನವನ್ನು ಕಾಗದದೊಡನೆ ತಾಳೆ ನೋಡುವುದೂ ಅಗತ್ಯ. ತೆರಿಗೆ ದಾಖಲೆಯಲ್ಲಿರುವ ನಿರ್ಮಾಣ ವರ್ಷ ಎಷ್ಟೋ ಸಲ ಅಂದಾಜಿನದು. ಸ್ಯಾನ್‌ಬಾರ್ನ್ ಕಂಪನಿಯ ಹಳೆಯ ಅಗ್ನಿವಿಮೆ ನಕ್ಷೆಗಳಲ್ಲಿ ಮರದ ಕಟ್ಟಡಕ್ಕೆ ಹಳದಿ, ಇಟ್ಟಿಗೆಗೆ ಗುಲಾಬಿ ಬಣ್ಣವಿರುತ್ತದೆ. ಒಂದು ನಕ್ಷೆಯಲ್ಲಿ ಖಾಲಿಯಿದ್ದ ನಿವೇಶನ ಮುಂದಿನ ನಕ್ಷೆಯಲ್ಲಿ ತುಂಬಿದ್ದರೆ, ಮನೆ ಎದ್ದದ್ದು ಆ ಎರಡು ನಕ್ಷೆಗಳ ವರ್ಷಗಳ ನಡುವೆ ಎಂದು ಹೇಳಬಹುದು.

ನಕ್ಷೆಯೂ ಕೈಕೊಡುವುದುಂಟು. ಒಂದು ಮನೆಗೆ ವರ್ಷ ಹೊಂದುತ್ತದೆ, ಬಾಗಿಲು ಪಕ್ಕದಲ್ಲಿದೆ, ಆದರೆ ಗೋಡೆಗಳನ್ನೆಲ್ಲ ಬಿಳಿಯ ವಿನೈಲ್ ಹಲಗೆಗಳಿಂದ ಮುಚ್ಚಿದ್ದಾರೆ. ಅದರಡಿ ಮರದ ಪಟ್ಟಿಗಳಿದ್ದವೇ ಎಂದು ಮನೆಯ ಯಜಮಾನರಿಗೂ ಗೊತ್ತಿಲ್ಲ. ನನ್ನ ಪುಸ್ತಕದಲ್ಲಿ ಅದರ ಮುಂದೆ ಇಂದಿಗೂ ಪ್ರಶ್ನಾರ್ಥಕ ಚಿಹ್ನೆಯೇ ಇದೆ.