ಬ್ಯಾಕಪ್ ಸರ್ವರ್ ತೋರಿಸುವ ಜಾಗದ ಲೆಕ್ಕವನ್ನು ಓದುವ ಬಗೆ

ಬ್ಯಾಕಪ್ ಸರ್ವರಿನಲ್ಲಿ ಒಂದೇ ಸಂಗ್ರಹಕ್ಕೆ ಎರಡು ಕಡೆ ಎರಡು ಅಂಕಿಗಳು ಕಂಡಾಗ, ಡಿಸ್ಕ್ ಕೆಟ್ಟಿದೆಯೆಂದು ತೀರ್ಮಾನಿಸುವ ಮೊದಲು ಪ್ರತಿಯೊಂದು ಅಂಕಿಯೂ ಏನನ್ನು ಅಳೆಯುತ್ತಿದೆ ಎಂಬುದನ್ನು ದಯವಿಟ್ಟು ಪರಿಶೀಲಿಸಿ. 4 ಟೆರಾಬೈಟ್ ಎಂದು ಮಾರಾಟವಾಗುವ ಡಿಸ್ಕನ್ನು ತಯಾರಕರು 1000ರ ಲೆಕ್ಕದಲ್ಲಿ ಎಣಿಸಿರುತ್ತಾರೆ, 1024ರ ಲೆಕ್ಕದಲ್ಲಿ ಎಣಿಸುವ ತಂತ್ರಾಂಶವು ಅದನ್ನೇ ಸುಮಾರು 3.64 ಎಂದು ತೋರಿಸುತ್ತದೆ. ಇದರಲ್ಲಿ ನಷ್ಟವೇನೂ ಇಲ್ಲ. ಇಎಕ್ಸ್‌ಟಿ4 ಕಡತ ವ್ಯವಸ್ಥೆಯು ಸಾಮಾನ್ಯವಾಗಿ ಶೇ. 5ರಷ್ಟು ಜಾಗವನ್ನು ರೂಟ್ ಬಳಕೆದಾರನಿಗಾಗಿ (ವ್ಯವಸ್ಥೆಯ ಮುಖ್ಯ ನಿರ್ವಾಹಕನಿಗಾಗಿ) ಕಾಯ್ದಿರಿಸುತ್ತದೆ ಎಂಬುದೂ ನೆನಪಿರಲಿ.

ನಿಜವಾದ ಗೊಂದಲ ಹುಟ್ಟುವುದು ಡಿಡುಪ್ಲಿಕೇಶನ್, ಅಂದರೆ ಒಂದೇ ಬಗೆಯ ದತ್ತಾಂಶವನ್ನು ಒಮ್ಮೆ ಮಾತ್ರ ಉಳಿಸುವ ವಿಧಾನ, ಇರುವಲ್ಲಿ. ಹತ್ತು ಬ್ಯಾಕಪ್‌ಗಳು ಒಂದೇ ದತ್ತಾಂಶದ ತುಣುಕುಗಳನ್ನು ಹಂಚಿಕೊಂಡಿರುವಾಗ, ಅವುಗಳ ಗಾತ್ರಗಳನ್ನು ಕೂಡಿದರೆ ಬರುವ ಮೊತ್ತವು ಡಿಸ್ಕಿನ ಒಟ್ಟು ಸಾಮರ್ಥ್ಯವನ್ನೇ ಮೀರಬಹುದು. ಇದೇ ಕಾರಣಕ್ಕೆ, ಹಳೆಯ ಬ್ಯಾಕಪ್ ಒಂದನ್ನು ಅಳಿಸಿದಾಗ ಅದರ ಗಾತ್ರದಷ್ಟು ಜಾಗ ಮರಳಿ ಸಿಗುವುದಿಲ್ಲ. ಬೇರಾವ ಬ್ಯಾಕಪ್ಪೂ ಬಳಸದ ತುಣುಕುಗಳಷ್ಟೇ ಬಿಡುಗಡೆಯಾಗುತ್ತವೆ. ಅದೂ ತಕ್ಷಣ ಆಗಬೇಕೆಂದಿಲ್ಲ. ಉದಾಹರಣೆಗೆ, ಪ್ರಾಕ್ಸ್‌ಮಾಕ್ಸ್ ಬ್ಯಾಕಪ್ ಸರ್ವರಿನಲ್ಲಿ ಪ್ರೂನ್ ಕ್ರಿಯೆಯು (ಹಳೆಯ ಬ್ಯಾಕಪ್‌ಗಳನ್ನು ತೆಗೆಯುವ ಕ್ರಿಯೆ) ಬ್ಯಾಕಪ್‌ನ ಸೂಚಿಯನ್ನು ಮಾತ್ರ ತೆಗೆಯುತ್ತದೆ, ತುಣುಕುಗಳನ್ನು ಅಳಿಸುವುದು ಗಾರ್ಬೇಜ್ ಕಲೆಕ್ಷನ್ ಎಂಬ ಪ್ರತ್ಯೇಕ ಶುಚಿಗೊಳಿಸುವ ಕ್ರಿಯೆಯ ಕೆಲಸ. ಅದು ಕೂಡ ಇತ್ತೀಚೆಗೆ ಬಳಕೆಯಾದ ತುಣುಕುಗಳನ್ನು ಸುರಕ್ಷತೆಗಾಗಿ ಸಾಮಾನ್ಯವಾಗಿ ಒಂದು ದಿನಕ್ಕೂ ತುಸು ಹೆಚ್ಚು ಕಾಲ ಉಳಿಸಿಕೊಳ್ಳುತ್ತದೆ. ಆದ್ದರಿಂದ ಅಳಿಸಿದ ಕೂಡಲೇ ಜಾಗ ಹೆಚ್ಚಲಿಲ್ಲವೆಂದು ಇನ್ನಷ್ಟು ಬ್ಯಾಕಪ್‌ಗಳನ್ನು ಅಳಿಸಲು ಹೋಗಬೇಡಿ.

ಜೆಡ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆಯನ್ನು ಬಳಸುವವರು ರೈಡ್-ಜೆಡ್ ಪೂಲಿನ (ಹಲವು ಡಿಸ್ಕುಗಳನ್ನು ಒಂದುಗೂಡಿಸಿದ ಸಂಗ್ರಹದ) ಪಟ್ಟಿಯಲ್ಲಿ ಕಾಣುವ ಗಾತ್ರಕ್ಕೆ ಪ್ಯಾರಿಟಿಯ (ಡಿಸ್ಕ್ ಕೆಟ್ಟರೆ ದತ್ತಾಂಶವನ್ನು ಮರಳಿ ಪಡೆಯಲು ಇಡುವ ಹೆಚ್ಚುವರಿ ಮಾಹಿತಿಯ) ಜಾಗವೂ ಸೇರಿರುತ್ತದೆಂದು ತಿಳಿದಿರಬೇಕು. ಬಳಸಬಹುದಾದ ಜಾಗಕ್ಕೆ ಡೇಟಾಸೆಟ್‌ನ (ಪೂಲಿನೊಳಗಿನ ಕಡತ ವಿಭಾಗದ) ಪಟ್ಟಿಯನ್ನೇ ನೋಡಿ. ಎಚ್ಚರಿಕೆಯ ಸಂದೇಶವನ್ನು ಶೇ. 80ರ ಆಸುಪಾಸಿನಲ್ಲೇ ಬರುವಂತೆ ಹೊಂದಿಸುವುದು ನನ್ನ ದೃಷ್ಟಿಯಲ್ಲಿ ಅತ್ಯಗತ್ಯ, ಏಕೆಂದರೆ ಸಂಗ್ರಹ ಪೂರ್ತಿ ತುಂಬಿದ ಮೇಲೆ ಶುಚಿಗೊಳಿಸುವ ಕೆಲಸಕ್ಕೇ ಜಾಗ ಸಾಲದೆ ಹೋಗಬಹುದು.