ಆರ್ಸ್ ಮ್ಯಾಜಿಕಾವನ್ನು ಬೇರೆ ಜಗತ್ತಿಗೆ ಸಾಗಿಸುವುದು ಹೇಗೆ

ಆರ್ಸ್ ಮ್ಯಾಜಿಕಾ ಎಂದರೆ ಮಾಂತ್ರಿಕರ ಮತ್ತು ಅವರ ಜೊತೆಗಾರರ ಪಾತ್ರ ಹಿಡಿದು, ದಾಳ ಹಾಕುತ್ತಾ ಕಥೆ ಕಟ್ಟುವ ಆಟ (ರೋಲ್‌ಪ್ಲೇಯಿಂಗ್ ಗೇಮ್). ಅದರ ಮೂಲ ನೆಲೆ 1220ರ ಯುರೋಪು. ಬೇರೆ ಕಡೆ ಆಡಬೇಕೆನಿಸಿದಾಗ ಹೆಚ್ಚಿನವರು ಮೊದಲು ನಕ್ಷೆ ಬಿಡಿಸಿ ಹೊಸ ಹೆಸರಿಡಲು ಕೂರುತ್ತಾರೆ. ಅದು ಕೊನೆಗಿರಲಿ. ಮಾಂತ್ರಿಕರು ಊರಾಚೆ ಯಾಕೆ ಬದುಕುತ್ತಾರೆ ಎಂಬುದನ್ನು ಈ ಆಟದ ನಿಯಮಗಳೇ ತೀರ್ಮಾನಿಸಿವೆ. ಹೊಸ ಜಾಗದಲ್ಲೂ ಆ ಕಾರಣಗಳು ಉಳಿದಿವೆಯೇ ಎಂದು ಮೊದಲು ನೋಡಿ.

ದೊಡ್ಡ ಕಾರಣ ಆರಾ, ಅಂದರೆ ಒಂದು ಜಾಗಕ್ಕಿರುವ ಅಲೌಕಿಕ ಪ್ರಭಾವ; ಅದನ್ನು ಅಂಕದಲ್ಲಿ ಅಳೆಯುತ್ತಾರೆ. ಊರಿನ ದೈವಿಕ ಆರಾ 3 ಇದ್ದರೆ ಅದರ ಮೂರು ಪಟ್ಟು, ಅಂದರೆ 9, ಮಂತ್ರದ ಮೊತ್ತದಿಂದ ಕಳೆಯುತ್ತದೆ. ಮ್ಯಾಜಿಕ್ ಆರಾ 3 ಇರುವ ಕಾಡಿನಲ್ಲಿ ಅದೇ ಮಂತ್ರಕ್ಕೆ 3 ಕೂಡುತ್ತದೆ. ಊರಿಗೂ ಕಾಡಿಗೂ 12 ಅಂಕಗಳ ಅಂತರ! ಕಾಲ್ಪನಿಕ ಜಗತ್ತು ಕಟ್ಟುವವರು ಚರ್ಚು ಬೇಡವೆಂದು ದೈವಿಕ ಆರಾವನ್ನೇ ಕಿತ್ತುಹಾಕುತ್ತಾರೆ. ಮೂರನೇ ಸಂಜೆಯ ಆಟಕ್ಕೆಲ್ಲ ಮಾಂತ್ರಿಕರು ಸಿಂಹಾಸನದ ಮೇಲಿರುತ್ತಾರೆ. ತೆಗೆಯುವುದಾದರೆ ಅಷ್ಟೇ ತೂಕದ ತಡೆಯೊಂದನ್ನು ಅಲ್ಲಿಡಿ. ಜನ ಸೇರಿದಷ್ಟೂ ಮಂತ್ರ ಕುಗ್ಗುತ್ತದೆ ಎಂದರೂ ಸಾಕು.

ಮಾಂತ್ರಿಕರು ಜನರೊಂದಿಗೆ ಒಡನಾಡುವಾಗ ದಾಳದ ಮೊತ್ತದಿಂದ ಕಳೆಯುವ 3 ಅಂಕವನ್ನೂ ಮುಟ್ಟಬೇಡಿ. ಅದು ಹೋದರೆ ಅವರ ಪರವಾಗಿ ಮಾತಾಡಲು ಕಂಪ್ಯಾನಿಯನ್ (ಮಾಂತ್ರಿಕನಲ್ಲದ ಜೊತೆಗಾರ ಪಾತ್ರ) ಬೇಕಿಲ್ಲ, ಆ ಪಾತ್ರ ಹಿಡಿದವರಿಗೆ ಕೆಲಸವಿಲ್ಲ.

ನಿಜವಾದ ಊರಿಗೆ ಸಾಗಿಸುವುದು ಕಲ್ಪನೆಯ ಜಗತ್ತು ಕಟ್ಟುವುದಕ್ಕಿಂತ ಸುಲಭ. 1220ರ ಬಾಗ್ದಾದನ್ನೇ ತೆಗೆದುಕೊಳ್ಳಿ. ಆಟದ ಲೆಕ್ಕದಲ್ಲಿ ಇಸ್ಲಾಂ ಕೂಡ ದೈವಿಕವೇ, ಹಾಗಾಗಿ ಆರಾದ ಕೋಷ್ಟಕ ಇದ್ದಂತೆಯೇ ನಡೆಯುತ್ತದೆ. ಲ್ಯಾಟಿನ್‌ಗೆ ಹಾಕಿದ ಅಂಕಗಳನ್ನು ಅರಬ್ಬಿಗೆ ವರ್ಗಾಯಿಸಿ.

ಎಡವುವುದು ಪುಸ್ತಕಗಳಲ್ಲಿ. ಮೂಲ ಆಟದ ಗ್ರಂಥಾಲಯ ಚರ್ಮದ ಹಾಳೆಯ ಕಾಲದ್ದು, ಪುಸ್ತಕ ಅಪರೂಪ. ಬಾಗ್ದಾದಿನಲ್ಲಿ ಕಾಗದ 8ನೇ ಶತಮಾನದ ಕೊನೆಯಿಂದಲೇ ಇದೆ, ಪುಸ್ತಕದಂಗಡಿಗಳ ಬೀದಿಯೇ ಇತ್ತು. ಹಾಗೆಂದು ಗುಣಮಟ್ಟ 12, 15ರ ಪುಸ್ತಕಗಳನ್ನು ಧಾರಾಳವಾಗಿ ಹಂಚಿದರೆ ಓದಿದ ಪ್ರತಿ ಋತುವಿಗೂ (ಆಟದಲ್ಲಿ ವರ್ಷಕ್ಕೆ ನಾಲ್ಕು) ಅಷ್ಟಷ್ಟು ಅನುಭವಾಂಕ ಬಂದು ಮಾಂತ್ರಿಕರು ಬೇಗನೆ ಕೈಮೀರುತ್ತಾರೆ. ಅಂಗಡಿಯಲ್ಲಿ ಸಿಗುವುದು ಲೌಕಿಕ ವಿದ್ಯೆಯ ಪುಸ್ತಕ ಮಾತ್ರ ಎನ್ನಿ. ಮಂತ್ರಕಲೆಯ ಸುಮ್ಮಾ (ಮತ್ತೆ ಮತ್ತೆ ಓದಬಹುದಾದ ಸಮಗ್ರ ಗ್ರಂಥ) ಸಿಕ್ಕರೂ ಅದರ ಮಟ್ಟ 6 ದಾಟದಿರಲಿ: ಓದುಗನ ಅಂಕ ಆ ಮಟ್ಟ ಮುಟ್ಟಿದ ಮೇಲೆ ಪುಸ್ತಕ ಮತ್ತೇನೂ ಕೊಡುವುದಿಲ್ಲ. ಟ್ರ್ಯಾಕ್ಟೇಟಸ್ ಎಂಬ ಚಿಕ್ಕ ಪ್ರಬಂಧಕ್ಕೆ ಇಂಥ ಮಿತಿ ಇಲ್ಲ, ಒಬ್ಬರಿಗೆ ಒಂದೇ ಸಲ ಫಲ ಕೊಡುತ್ತದೆ ಅಷ್ಟೆ. ಅವನ್ನು ಎಣಿಸಿ ಕೊಡಿ.

ಇನ್ನು ಕಾಲ. ಮಂಗೋಲರು ಬಾಗ್ದಾದನ್ನು ಹಿಡಿದದ್ದು 1258ರಲ್ಲಿ. ಆಟ 1220ರಲ್ಲಿ ಶುರುವಾದರೆ ಕೈಯಲ್ಲಿರುವುದು 38 ವರ್ಷ, 152 ಋತು. 25ರ ಮಾಂತ್ರಿಕನಿಗೆ ಆಗ 63. ಮುಪ್ಪು ಏನು ಮಾಡಿತೆಂದು ನೋಡಲು ಹಾಕುವ ದಾಳ 35ನೇ ವಯಸ್ಸಿನಿಂದಲೇ ಶುರುವಾಗಿರುತ್ತದೆ. ಸಂಜೆಗೆ ಒಂದು ವರ್ಷದಂತೆ ನಡೆಸಿದರೆ ಆ ದಿನ ನಿಜಕ್ಕೂ ಎದುರಾಗುತ್ತದೆ. ವಾರ ವಾರದ ಅರಮನೆ ಪಿತೂರಿಗೆ ಇಳಿದರೆ ಮಾತ್ರ ಮಾಂತ್ರಿಕರು ಋತುಗಟ್ಟಲೆ ಕೆಲಸ ಮಾಡುವ ಪ್ರಯೋಗಾಲಯಕ್ಕೆ ಯಾರೂ ಕಾಲಿಡುವುದಿಲ್ಲ, ನಿಯಮಪುಸ್ತಕದ ಅರ್ಧ ಹಾಗೇ ಬಿದ್ದಿರುತ್ತದೆ.

ಪೂರ್ತಿ ಆಟಕ್ಕೆ ಕೈಹಾಕುವ ಮುನ್ನ ಒಂದು ವರ್ಷ, ನಾಲ್ಕೇ ಋತು, ಆಡಿ ನೋಡಿ. ಅಷ್ಟರಲ್ಲಿ ಒಬ್ಬ ಮಾಂತ್ರಿಕನಾದರೂ ಊರೊಳಗೆ ಮನೆ ಹುಡುಕಲು ಹೊರಟರೆ ಆರಾದ ಲೆಕ್ಕಕ್ಕೆ ಮರಳಿ.